ಈರುಳ್ಳಿ ಬೇರಿನ ತುದಿ

ಜನವರಿ 5, ಸೋಮವಾರ

ಅಕ್ಕನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ದಾರಿಯುದ್ದಕ್ಕೂ ಅವಳು ಕಾರಿನ ಹಿಂದಿನ ಸೀಟಿನಲ್ಲಿ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ತಲೆ ಬಗ್ಗಿಸಿ ಕೂತಿದ್ದಳು. ಅವಳ ಬಲಗಣ್ಣಿನ ಹಿಂಬದಿಯ ಪರದೆ, ಹಳೆಯ ಗೋಡೆಯಿಂದ ಸುಣ್ಣ ಏಳುವಂತೆ, ಎದ್ದು ಬಂದಿತ್ತಂತೆ. ಡಾಕ್ಟರು ಅದನ್ನು ಮತ್ತೆ ಅಂಟಿಸಿ, ಅಂಟಿದ್ದು ಬಿಟ್ಟುಕೊಳ್ಳದಿರಲೆಂದು ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಅದು ಹಿಂಬದಿಯನ್ನು ಒತ್ತಿ ಹಿಡಿಯಬೇಕಾದರೆ ಅಕ್ಕ ನೆಲ ನೋಡುತ್ತಲೇ ಇರಬೇಕು. ಊಟ, ನಿದ್ದೆ, ಮಾತು ಎಲ್ಲ ನೆಲ ನೋಡುತ್ತಲೇ.

ಅವಳ ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ. ಅದರಲ್ಲಿ ಬಾಗಿಲು ಕಾಣುತ್ತದೆ, ಮುಖ ಯಾರದೆಂದು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಇಷ್ಟು ವರ್ಷ ಅವಳು ಓದಿದ್ದು, ಜೀವಶಾಸ್ತ್ರ ಕಲಿಸಿದ್ದು, ಮೈಕ್ರೋಸ್ಕೋಪಿನಲ್ಲಿ ಕಂಡಿದ್ದು ಎಲ್ಲ ಬಲಗಣ್ಣೊಂದರ ದುಡಿಮೆ. "ಕಣ್ಣು ಉಳೀತು," ಅಂದರು ಡಾಕ್ಟರು. "ಅದರಲ್ಲಿ ನೋಟ ಎಷ್ಟು ಉಳಿಯತ್ತೆ ಅನ್ನೋದು ಗುಳ್ಳೆ ಕರಗಿದ ಮೇಲೇ ಗೊತ್ತಾಗೋದು."

ಮಂಚದ ತುದಿಗೆ ಎರಡು ದಿಂಬುಗಳನ್ನು ಸಂದಿ ಬಿಟ್ಟು ಜೋಡಿಸಿ, ಸಂದಿಯಲ್ಲಿ ಅಕ್ಕನ ಮುಖ ಇಟ್ಟೆವು. ನಾನು ಹತ್ತಿರ ಹೋಗಿ ನಿಂತಾಗ ಅವಳು ಮೊದಲು ಆಡಿದ ಮಾತು: "ಕಾಲುಗುರು ಕತ್ತರಿಸ್ಕೋ ಮಾರಾಯ್ತಿ. ಇನ್ನು ಮೇಲೆ ನನಗೆ ಕಾಣೋದು ಅದೊಂದೇ."

ಜನವರಿ 7, ಬುಧವಾರ

ಅಕ್ಕನ ರಜೆಯ ಅರ್ಜಿ ಕೊಡಲು ಅವಳ ಕಾಲೇಜಿಗೆ ಹೋಗಿದ್ದೆ. ಪ್ರಾಂಶುಪಾಲರು ಎಲ್ಲದಕ್ಕೂ "ನೋಡೋಣ" ಅನ್ನುತ್ತಾರೆಂದು ಅಕ್ಕ ಯಾವಾಗಲೂ ನಗುತ್ತಿದ್ದಳು. ಹಾಗೇ ಅಂದರು. ಪಾಠವನ್ನು ರಸಾಯನಶಾಸ್ತ್ರದವರು ಹೇಗೋ ಹಂಚಿಕೊಳ್ಳುತ್ತಾರಂತೆ. ತೊಂದರೆ ಪ್ರಯೋಗದ ತರಗತಿಯದು. ಫೆಬ್ರವರಿಯಲ್ಲಿ ಪ್ರಾಯೋಗಿಕ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಈರುಳ್ಳಿ ಬೇರಿನಲ್ಲಿ ಜೀವಕೋಶ ಒಡೆದು ಎರಡಾಗುವುದನ್ನು ಮಕ್ಕಳು ತಾವೇ ಸ್ಲೈಡ್ ಮಾಡಿ ತೋರಿಸಬೇಕು. ಅದನ್ನು ಅಕ್ಕನ ಹಾಗೆ ಮಾಡಿಸುವವರು ಅಲ್ಲಿ ಬೇರೆ ಯಾರೂ ಇಲ್ಲ.

"ಅಷ್ಟರೊಳಗೆ ಬರಲಿಲ್ಲ ಅಂದ್ರೆ ಬೇರೆಯವರನ್ನ ತಗೋಬೇಕಾಗತ್ತೆ," ಅಂದರು. "ತಗೊಂಡ ಮೇಲೆ ಹೋಗಿ ಅನ್ನೋಕಾಗಲ್ಲ." ನಾನು ಏನಾದರೂ ಹೇಳಬೇಕಿತ್ತು. ನಾಲಿಗೆ, ಒದ್ದೆ ಬಟ್ಟೆ ಕಂಬಿಗೆ ಅಂಟಿಕೊಂಡ ಹಾಗೆ, ಅಂಗುಳಕ್ಕೆ ಅಂಟಿಕೊಂಡಿತ್ತು. ನಾನು ಏನು ಓದಿದ್ದೇನೆಂದು ಕೇಳಿದರು. ಸಾಹಿತ್ಯ ಎಂದೆ. ನನಗೇ ಕೇಳಿಸಲಿಲ್ಲವಾದ್ದರಿಂದ ಎರಡನೇ ಸಲ ಹೇಳಬೇಕಾಯಿತು. ಅದಕ್ಕೂ ಅವರು "ನೋಡೋಣ" ಅಂದರು.

ಮನೆಗೆ ಬಂದು ಹೇಳಿದೆ. ಅಕ್ಕ ದಿಂಬಿನ ಸಂದಿಯಿಂದ, "ನೋಡೋಣ ಅಂದ್ರೆ ಬೇಡ ಅಂತಲ್ಲ. ನೀನು ಹೋಗ್ತೀಯ. ಲ್ಯಾಬ್ ನಡೆಸ್ತೀಯ. ನಾನು ಕಲಿಸ್ತೀನಿ," ಅಂದಳು. ಮೂವತ್ತು ಮಕ್ಕಳ ಮುಂದೆ ನಿಲ್ಲುವುದನ್ನು ನೆನೆದೇ ನನಗೆ ಬೆವರು ಬಂತು. ಆಗಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಮಂಚದಾಚೆ ಅವಳ ಒಂದು ಕೈ ಜೋತುಬಿದ್ದಿತ್ತು, ಬೆರಳುಗಳು ಯಾವುದೋ ಕಾಣದ ತಿರುಪನ್ನು ಮೆಲ್ಲಗೆ ತಿರುಗಿಸುತ್ತಿದ್ದವು. ಬಾಯಿ ಮುಚ್ಚಿದೆ.

ಜನವರಿ 8

ಅಡುಗೆಮನೆಯ ಕಿಟಕಿಯಲ್ಲಿ ಏಳು ಬಾಟಲಿ ಸಾಲಾಗಿ ನಿಂತಿವೆ. ಒಂದೊಂದರ ಬಾಯಿಗೂ ಒಂದೊಂದು ಈರುಳ್ಳಿ. ಬುಡ ಮಾತ್ರ ನೀರು ಮುಟ್ಟಬೇಕು, ಮೈ ಮುಟ್ಟಬಾರದು. ಕೊಳೆತರೆ ನಾನೇ ಹೊಣೆ. ಅಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದರು. "ಈರುಳ್ಳಿಗೆ ಕೂತಲ್ಲೇ ನೀರು ಕೊಡೋ ಮನೆ ನಮ್ಮದೊಂದೇ. ನಾನು ಕೇಳಿದ್ರೆ ಒಂದು ಲೋಟ ಯಾರೂ ಕೊಡಲ್ಲ."

ಅಕ್ಕ ಒಳಗಿನಿಂದ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ನಗು.

ಜನವರಿ 9, ಶುಕ್ರವಾರ

ಅಕ್ಕನ ಬಳಿ ಮನೆಯಲ್ಲೊಂದು ಹಳೆಯ ಮೈಕ್ರೋಸ್ಕೋಪ್ ಇದೆ, ಕೆಳಗೆ ಕನ್ನಡಿ ಇರುವಂಥದ್ದು. ಅದನ್ನು ಅವಳ ಮಂಚದ ಪಕ್ಕದ ಕಿಟಕಿಗೆ ತಂದಿಟ್ಟೆ. ಅವಳೇ ಯಾವಾಗಲೋ ಮಾಡಿಟ್ಟಿದ್ದ ಒಂದು ಸ್ಲೈಡ್ ಹಾಕಿಸಿದಳು. ಕನ್ನಡಿಯನ್ನು ಬೆಳಕಿಗೆ ತಿರುಗಿಸು, ಸಣ್ಣ ಮಸೂರದಿಂದ ಶುರು ಮಾಡು, ಇನ್ನೊಂದು ಕಣ್ಣು ಮುಚ್ಚಬೇಡ, ಸುಸ್ತಾಗತ್ತೆ. ಹೇಳುತ್ತ ಹೋದಳು. ನಾನು ತಿರುಪು ತಿರುಗಿಸುತ್ತ ಹೋದೆ. ಆಮೇಲೆ ಒಂದು ಕ್ಷಣ ಮಂಜು ಸರಿದು ಊರು ಕಂಡ ಹಾಗಾಯಿತು.

"ಏನಿದೆ?"

ಇಟ್ಟಿಗೆಯ ಮನೆಗಳ ಸಾಲು ಎಂದೆ. ಒಂದೊಂದು ಮನೆಯಲ್ಲೂ ಒಂದೊಂದು ಕೆಂಪು ದೀಪ. ಕೆಲವು ಮನೆಗಳಲ್ಲಿ ದೀಪ ಒಡೆದು, ಯಾರೋ ಮುನಿಸಿಕೊಂಡು ಬಿಸಾಡಿದ ನೂಲಿನ ಉಂಡೆಯ ಹಾಗೆ...

"ನಿಲ್ಲಿಸು."

ನಿಲ್ಲಿಸಿದೆ.

"ನನಗೆ ಕಾಣಲ್ಲ. ನಿನ್ನ ಬಾಯಿಂದಲೇ ನಾನು ನೋಡಬೇಕು. ನೀನು ದೀಪ ಅಂದ್ರೆ ನನಗೆ ದೀಪ ಕಾಣತ್ತೆ, ಜೀವಕೋಶ ಕಾಣಲ್ಲ. ಅದರ ಹಾಗೆ ಇದರ ಹಾಗೆ ಬೇಡ. ಇರೋದನ್ನ ಹೇಳು."

ಇರುವುದನ್ನು ಹೇಳಲು ಹೋದೆ. ಒಂದು ವಾಕ್ಯವೂ ಬರಲಿಲ್ಲ. ಐದು ವರ್ಷ ಓದಿದ್ದೆಲ್ಲ ಅದರ ಹಾಗೆ ಇದರ ಹಾಗೆಯೇ ಇತ್ತೇನೋ. ಅಳು ಬಂತು, ಅವಳಿಗೆ ನನ್ನ ಕಾಲು ಮಾತ್ರ ಕಾಣುತ್ತಿದ್ದುದು ಒಳ್ಳೆಯದಾಯಿತು.

ಜನವರಿ 10, ಶನಿವಾರ

ಇವತ್ತು ನಾನು ಮಾಡಿದ ದಡ್ಡತನವನ್ನು ಬರೆದಿಡುತ್ತೇನೆ.

ಅಕ್ಕ ಮಲಗಿದ್ದಾಗ ಅದೇ ಸ್ಲೈಡಿನಲ್ಲಿ ಒಂದು ಜೀವಕೋಶ ಹಿಡಿದುಕೊಂಡೆ. ವರ್ಣತಂತುಗಳು, ಅಂದರೆ ಆ ಕೆಂಪು ಎಳೆಗಳು, ನಡುವೆ ಒಂದೇ ಸಾಲಾಗಿ ನಿಂತಿದ್ದವು. ಇನ್ನೇನು ಎರಡು ಪಾಲಾಗುತ್ತವೆ, ಅದನ್ನು ಕಣ್ಣಾರೆ ನೋಡಿ ಅಕ್ಕ ಎದ್ದ ಕೂಡಲೇ ಹೇಳಬೇಕು ಎಂದು ಕಾದೆ. ಕಣ್ಣು ಮಿಟುಕಿಸಲೂ ಹೆದರಿಕೆ, ಆ ಗಳಿಗೆಯಲ್ಲೇ ಆಗಿಹೋದರೆ? ಕುತ್ತಿಗೆ ಮರಗಟ್ಟಿತು. ಕಿಟಕಿಯ ಬಿಸಿಲು ಮೇಜು ದಾಟಿ ನೆಲಕ್ಕಿಳಿಯಿತು. ಒಂದು ಸಲ ಅಲುಗಾಡಿದಂತೆಯೂ ಕಂಡಿತು, ಅದು ನನ್ನದೇ ಉಸಿರು.

ಅಕ್ಕ ಎಚ್ಚರವಾಗಿ ಏನು ಮಾಡುತ್ತಿದ್ದೀಯ ಅಂದಳು. ಕಾಯುತ್ತಿದ್ದೇನೆ ಎಂದೆ. ಯಾತಕ್ಕೆ ಅಂದಳು. ಹೇಳಿದೆ.

ಮಂಚ ಅಲುಗಿತು. ಅವಳು ನಗುತ್ತಿದ್ದಳು, ದಿಂಬಿಗೆ ಬಾಯಿ ಒತ್ತಿಕೊಂಡು, ನಿಲ್ಲಿಸಲಾಗದೆ. ಗುಳ್ಳೆಗೆ ಏನಾಯಿತೋ ಎಂದು ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದರು. "ಆ ಸ್ಲೈಡ್ ಮಾಡಿದಾಗ ನೀನಿನ್ನೂ ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ ಕಣೆ," ಅಂದಳು. "ಅದು ಸತ್ತು ಎಷ್ಟು ವರ್ಷ ಆಯ್ತು. ಇನ್ನೆಲ್ಲಿ ಒಡೆಯತ್ತೆ?"

ನಗು ತಗ್ಗಿದ ಮೇಲೆ ವಿವರಿಸಿದಳು. ಬೇರಿನ ತುದಿ ಕತ್ತರಿಸಿ ಆಮ್ಲ, ಆಲ್ಕೋಹಾಲ್ ಬೆರೆಸಿದ ದ್ರವಕ್ಕೆ ಹಾಕಿದ ಕೂಡಲೇ ಎಲ್ಲ ಜೀವಕೋಶಗಳೂ ಇದ್ದಲ್ಲೇ ನಿಂತುಬಿಡುತ್ತವೆ. ಶುರುವಿನಲ್ಲಿದ್ದದ್ದು ಶುರುವಿನಲ್ಲಿ, ನಡುವೆ ಇದ್ದದ್ದು ನಡುವೆ. "ಯಾವುದೊಂದೂ ನಿನಗೆ ಪೂರ್ತಿ ಕಥೆ ಹೇಳಲ್ಲ. ನೂರಾರು ನೋಡಿ, ಯಾವುದರ ಹಿಂದೆ ಯಾವುದು ಅಂತ ನೀನೇ ಜೋಡಿಸ್ಕೋಬೇಕು."

ನನಗೆ ಆ ಜೀವಕೋಶದ ಬಗ್ಗೆ ಮರುಕ ಹುಟ್ಟಿತು. ಇಷ್ಟು ವರ್ಷ ಸಾಲು ಕಟ್ಟಿ ನಿಂತಿದೆ, ಮುಂದಿನ ಹೆಜ್ಜೆಗೆ. ಅಕ್ಕನಿಗೆ ಹೇಳಲಿಲ್ಲ.

ಜನವರಿ 13, ಮಂಗಳವಾರ

ನಾನೇ ಮಾಡಿದ ಮೊದಲ ಸ್ಲೈಡ್. ಬೇರಿನ ತುದಿಯನ್ನು ಆಮ್ಲದಲ್ಲಿ ಮೆತ್ತಗೆ ಮಾಡಿ, ಕೆಂಪು ಬಣ್ಣದಲ್ಲಿಟ್ಟು, ಗಾಜಿನ ಮೇಲೆ ಹಾಕಿ, ಮೇಲೆ ತೆಳು ಗಾಜು ಮುಚ್ಚಿ, ಬ್ಲಾಟಿಂಗ್ ಕಾಗದ ಇಟ್ಟು ಹೆಬ್ಬೆರಳಿಂದ ಒತ್ತಬೇಕು. ಮೂರು ತೆಳು ಗಾಜು ಒಡೆದವು. ಹೆಬ್ಬೆರಳು ಕೊಯ್ದುಕೊಂಡೆ. ನಾಲ್ಕನೆಯದು ಉಳಿಯಿತು.

ಅಕ್ಕ ಏನಿದೆ ಅಂದಳು. ಎಲ್ಲ ಜೀವಕೋಶಗಳಲ್ಲೂ ದುಂಡಗೆ ಒಂದು ಕೆಂಪು ಚುಕ್ಕೆ, ಎಲ್ಲ ಒಂದೇ ಥರ, ಎಳೆ ಎಲ್ಲೂ ಇಲ್ಲ ಎಂದೆ.

"ಬೇರು ಯಾವಾಗ ಕತ್ತರಿಸಿದ್ದೆ?"

"ಮೊನ್ನೆ ಸಂಜೆ."

"ಆ ಹೊತ್ತಿಗೆ ಎಲ್ಲ ಸುಮ್ಮನಿರತ್ತೆ. ಬೆಳಗ್ಗೆ ಕತ್ತರಿಸು. ಮತ್ತೆ ತುದಿ ಅಂದ್ರೆ ತುದಿ. ನೀನು ಅರ್ಧ ಬೇರೇ ಹಾಕಿರ್ತೀಯ."

ಅರ್ಧ ಬೇರೇ ಹಾಕಿದ್ದೆ.

ಜನವರಿ 14

ಮತ್ತೆ ಇಲ್ಲ.

ಜನವರಿ 16

ಇವತ್ತೂ ಇಲ್ಲ. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟೆ, ಬೇರು ಕರಗಿ ಗಂಜಿಯಾಯಿತು. ಅಕ್ಕನಿಗೆ ಬೆನ್ನು ನೋವು, ಹಣೆಯ ಮೇಲೆ ದಿಂಬಿನ ಗೆರೆ ಬಿದ್ದು ಕೆಂಪಾಗಿದೆ. ಕೂದಲು ತೊಳೆದುಕೊಟ್ಟೆ, ಬಗ್ಗಿಸಿಯೇ. ನೀರು ಬಕೆಟ್ಟಿಗೆ ಬೀಳುತ್ತಿದ್ದಾಗ ಅವಳು, "ಬರದೇ ಹೋದ್ರೆ?" ಅಂದಳು. ಸ್ಲೈಡಾ ಎಂದು ಕೇಳಿದೆ. ಅವಳು ಬಲಗಣ್ಣಿನ ಮೇಲೆ ಕೈ ಮುಚ್ಚಿಕೊಂಡಳು.

ಜನವರಿ 18, ಭಾನುವಾರ

ಬಂತು.

ಒಂದು ಜೀವಕೋಶದಲ್ಲಿ ಎಳೆಗಳು ದಪ್ಪಗಾಗಿ ಬಿಡಿಬಿಡಿಯಾಗಿ ಕಾಣುತ್ತಿವೆ, ಸುತ್ತಲಿನ ಅಂಚು ಅಳಿಸಿದೆ. ಇನ್ನೊಂದರಲ್ಲಿ ನಡುವೆ ಅಡ್ಡಸಾಲು. ಮೂರನೆಯದರಲ್ಲಿ ಸಾಲು ಎರಡಾಗಿ, ಒಂದು ಮೇಲಕ್ಕೆ ಒಂದು ಕೆಳಕ್ಕೆ ಹೊರಟಿವೆ. ಪ್ರತಿ ಎಳೆಯೂ ನಡುವೆ ಬಾಗಿದೆ, ಬಾಗಿದ ಕಡೆ ಮುಂದು, ಎರಡು ತುದಿಗಳು ಹಿಂದು.

ಇಷ್ಟನ್ನೇ ಅಕ್ಕನಿಗೆ ಹೇಳಿದೆ. ಅವಳು ಒಂದೊಂದಕ್ಕೂ ಹೆಸರು ಹೇಳಿದಳು. ಪ್ರೊಫೇಸ್. ಮೆಟಾಫೇಸ್. ಅನಾಫೇಸ್. ಮೂರನೆಯದನ್ನು ಹೇಳುವಾಗ ದನಿ ಸಣ್ಣಗಾಯಿತು. "ಅದು ಸಿಗೋದು ಕಷ್ಟ. ಬಹಳ ಬೇಗ ಮುಗಿದುಹೋಗೋ ಹಂತ ಅದು," ಅಂದಳು. "ನನಗೆ ಅದೇ ಇಷ್ಟ."

ಜನವರಿ 20, ಮಂಗಳವಾರ

ಲ್ಯಾಬಿನ ಮೊದಲ ದಿನ. ಪ್ರಾಂಶುಪಾಲರು ಬಾಗಿಲವರೆಗೆ ಬಂದು, ನೋಡೋಣ ಎಂದು ಹೇಳಿ ಹೋದರು. ಉದ್ದನೆಯ ಕೋಣೆ, ಎರಡು ಸಾಲು ಕಲ್ಲಿನ ಮೇಜು, ಆಮ್ಲ ಚೆಲ್ಲಿ ಬಿಳಚಿದ ಕಲೆಗಳು, ಬಿಗಿಯಾಗಿ ನಿಲ್ಲದ ನಲ್ಲಿ. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಕರಿಹಲಗೆಯ ಕಡೆ ತಿರುಗಿಕೊಂಡು ಮಾತಾಡಿದೆ. ಹಿಂದಿನಿಂದ ಯಾರೋ, "ಮಿಸ್, ಬೋರ್ಡಿಗೆ ಅರ್ಥ ಆಯ್ತಂತೆ, ನಮಗೂ ಹೇಳಿ," ಅಂದರು. ನಕ್ಕರು. ನನಗೂ ನಗು ಬಂತು. ತಿರುಗಿದೆ.

ಅಕ್ಕ ಈಗ ತಲೆ ಎತ್ತಬಹುದು ಎಂದು ಡಾಕ್ಟರು ಹೇಳಿದ್ದಾರೆ. ಎತ್ತಿ ಮೊದಲು ನನ್ನ ಮುಖ ನೋಡಿ, "ಪರವಾಗಿಲ್ಲ, ಕಾಲಿಗಿಂತ ಚೆನ್ನಾಗಿದೆ," ಅಂದಳು. ಎಡಗಣ್ಣಿನಿಂದ ನೋಡಿ ಹೇಳಿದ್ದು.

ಜನವರಿ 27

ಮಕ್ಕಳು ಇವತ್ತು ಇಪ್ಪತ್ತು ತೆಳು ಗಾಜು ಒಡೆದರು. ಒತ್ತುವಾಗ ಹೆಬ್ಬೆರಳು ಜಾರಿಸಬೇಡಿ, ನೇರ ಕೆಳಗೆ ಒತ್ತಿ ಎಂದು ಮೇಜಿಂದ ಮೇಜಿಗೆ ಹೇಳುತ್ತ ಹೋದೆ, ಗಂಟಲು ಕಟ್ಟಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೈಕ್ರೋಸ್ಕೋಪ್ ಬಿಟ್ಟು ಏಳಲೇ ಇಲ್ಲ. ಗಂಟೆ ಹೊಡೆದರೂ ಕೂತಿದ್ದಳು. ಏನು ಎಂದು ಕೇಳಿದೆ.

"ಇದು ಯಾವಾಗ ಒಡೆಯತ್ತೆ ಮಿಸ್?"

ನಾನು ಅವಳ ಪಕ್ಕದಲ್ಲಿ ಕೂತು ಹೇಳಿದೆ. ಇದು ಒಡೆಯಲ್ಲ, ನಿಂತುಹೋಗಿದೆ. ಬಲಕ್ಕೆ ಸ್ವಲ್ಪ ಸರಿಸು, ಇದು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಿರೋದು ಇನ್ನೊಂದು ಸಿಗತ್ತೆ. ಅವಳು ಸರಿಸಿದಳು. ಸಿಕ್ಕಿತು.

ಫೆಬ್ರವರಿ 3, ಮಂಗಳವಾರ

ಗುಳ್ಳೆ ಚಿಕ್ಕದಾಗುತ್ತಿದೆ. ಅಕ್ಕನಿಗೆ ಬಲಗಣ್ಣಿನಲ್ಲಿ ಅದರ ಅಂಚು ಕಾಣುತ್ತದಂತೆ. ಒಂದು ಅಡ್ಡಗೆರೆ, ತಲೆ ಅಲುಗಿದರೆ ಅಲುಗುತ್ತದೆ. ದಿನದಿನಕ್ಕೂ ಕೆಳಗಿಳಿಯುತ್ತಿದೆ. ಗೆರೆಯ ಮೇಲಿನ ಭಾಗದಲ್ಲಿ ಏನು ಕಾಣುತ್ತದೆ ಎಂದು ಅಮ್ಮ ಕೇಳಿದರು. "ಬೆಳಕು," ಅಂದಳು. ಅಮ್ಮನಿಗೆ ಸಮಾಧಾನವಾಯಿತು. ಅಮ್ಮ ಅತ್ತ ಹೋದ ಮೇಲೆ ಅಕ್ಕ ತನ್ನ ಅಂಗೈಯನ್ನು ಮುಖದ ಮುಂದೆ ಹಿಡಿದು, ದೂರ ಮಾಡಿ, ಹತ್ತಿರ ತಂದು ನೋಡುತ್ತಿದ್ದಳು. ನಾನು ಬಾಗಿಲಲ್ಲಿದ್ದುದು ಅವಳಿಗೆ ತಿಳಿಯಲಿಲ್ಲ.

ಫೆಬ್ರವರಿ 9, ಸೋಮವಾರ

ಗುಳ್ಳೆ ಪೂರ್ತಿ ಕರಗಿದೆ. ಡಾಕ್ಟರು ಪರೀಕ್ಷೆ ಮಾಡುವಾಗ ಅಕ್ಕ ನನ್ನನ್ನೂ ಅಮ್ಮನನ್ನೂ ಹೊರಗೆ ಕಳಿಸಿದಳು. ಬಹಳ ಹೊತ್ತಾದ ಮೇಲೆ ಬಂದಳು. "ಪರವಾಗಿಲ್ಲ," ಅಂದಳು. ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟರು. ನಾಳೆಯೇ ಕಾಲೇಜಿಗೆ ಹೋಗುತ್ತೇನೆ, ಪ್ರಾಂಶುಪಾಲರಿಗೆ ಮುಖ ತೋರಿಸಿ ಬರಬೇಕು ಅಂದಳು. ಬರುವಾಗ ಆಸ್ಪತ್ರೆಯ ಮೆಟ್ಟಿಲುಗಳಲ್ಲಿ ನನ್ನ ತೋಳು ಹಿಡಿದುಕೊಂಡಳು.

ಫೆಬ್ರವರಿ 10, ಮಂಗಳವಾರ

ಅಕ್ಕ ನನಗಿಂತ ಮೊದಲೇ ಸಿದ್ಧಳಾಗಿದ್ದಳು. ಲ್ಯಾಬಿಗೆ ಹೋದೊಡನೆ ಕಲ್ಲಿನ ಮೇಜುಗಳ ಮೇಲೆ ಕೈಯಾಡಿಸುತ್ತ ಕೊನೆಯವರೆಗೆ ನಡೆದಳು. ಮಕ್ಕಳು ಬರಲು ಇನ್ನೂ ಹೊತ್ತಿತ್ತು. ನಾನು ಕಿಟಕಿಯ ಪಕ್ಕದ ಮೈಕ್ರೋಸ್ಕೋಪಿನ ಕನ್ನಡಿ ತಿರುಗಿಸಿ ಬೆಳಕು ಸರಿಮಾಡಿದೆ. ಅವಳಿಗೆಂದು ಇಟ್ಟಿದ್ದ ಸ್ಲೈಡ್ ತೆಗೆದೆ, ಭಾನುವಾರ ಸಿಕ್ಕಿದ್ದ, ಅಂದೇ ಅವಳಿಗೆ ಹೇಳಿದ್ದ ಒಳ್ಳೆಯ ಅನಾಫೇಸ್. ಅದರ ತಳವನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ಅಷ್ಟರಲ್ಲಿ ಪ್ರಾಂಶುಪಾಲರು ಬಂದರು.

ಕುಶಲ ಕೇಳಿದರು. ಕಣ್ಣು ಹೇಗಿದೆ, ಕೆಲಸ ಆಗುತ್ತದಾ ಎಂದು ಕೇಳಿದರು. ಅಕ್ಕ ಮಾತಾಡದೆ ಸ್ಟೂಲು ಎಳೆದು ಕೂತಳು. ಬಲಗಣ್ಣನ್ನು ಮೈಕ್ರೋಸ್ಕೋಪಿಗಿಟ್ಟಳು. ಎಡಗೈ ತಾನಾಗಿ ಸಣ್ಣ ತಿರುಪಿಗೆ ಹೋಯಿತು, ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ.

"ಅನಾಫೇಸ್," ಅಂದಳು. "ಎರಡು ಕಡೆಗೂ ಸರಿಯಾಗಿ ಎಳ್ಕೊಂಡಿದೆ. ಚೆನ್ನಾಗಿ ಮಾಡಿದಾಳೆ ಸರ್ ನಮ್ಮ ಹುಡುಗಿ."

ಪ್ರಾಂಶುಪಾಲರ ಮುಖ ಅರಳಿತು. ಇನ್ನೇನು ಸರಿಹೋಯಿತಲ್ಲ, ಬೇರೆಯವರನ್ನು ಹುಡುಕುವ ತಾಪತ್ರಯ ತಪ್ಪಿತು ಎಂದರು. ನೋಡೋಣ ಎನ್ನದೆ ಹೋದರು.

ಸ್ಲೈಡ್ ನನ್ನ ಕೈಯಲ್ಲಿತ್ತು. ಬಟ್ಟೆಯಲ್ಲಿ.

ಅವರ ಹೆಜ್ಜೆಯ ಸದ್ದು ವರಾಂಡ ದಾಟುವವರೆಗೆ ನಿಂತಿದ್ದೆ. ಆಮೇಲೆ ಸ್ಲೈಡನ್ನು ಕಲ್ಲಿನ ಮೇಜಿನ ಮೇಲಿಟ್ಟೆ. ಮೆಲ್ಲಗೇ ಇಟ್ಟೆ. ಆದರೂ ಗಾಜು ಕಲ್ಲಿಗೆ ತಗುಲಿದ ಸದ್ದು ಅಕ್ಕನಿಗೆ ಗೊತ್ತು. ಅವಳು ಕಣ್ಣು ತೆಗೆಯಲಿಲ್ಲ. ಬೆನ್ನು ಮಾತ್ರ ಬಿಗಿಯಾಯಿತು.

"ಅಕ್ಕ, ಏನಿದೆ?" ಎಂದೆ. "ಇರೋದನ್ನ ಹೇಳು."

ನಲ್ಲಿ ತೊಟ್ಟಿಕ್ಕುತ್ತಿತ್ತು.

"ಸುತ್ತ ಬೆಳಕಿದೆ," ಅಂದಳು. "ನಡುವೆ ಇಲ್ಲ. ನಡುವೆ ಏನಿಟ್ಟರೂ ಇಲ್ಲ."

ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ. ಅವಳು ಅದನ್ನು ತೆಗೆಯಲೂ ಇಲ್ಲ, ಹಿಡಿಯಲೂ ಇಲ್ಲ. ಬಹಳ ಮೆಲ್ಲಗೆ ಮಾತಾಡಿದಳು. ನೀನು ಸಹಾಯಕಿ ಅಂತ ಪಕ್ಕದಲ್ಲಿರು. ನೀನು ಮೊದಲು ನೋಡಿ ನನ್ನ ಕಿವಿಯಲ್ಲಿ ಹೇಳು, ನಾನು ಜೋರಾಗಿ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ.

"ಪರೀಕ್ಷೆ ದಿನ ನನ್ನನ್ನ ಒಳಗೆ ಬಿಡಲ್ಲ ಅಕ್ಕ. ಅವತ್ತು ಮಕ್ಕಳು ತೋರಿಸಿದ್ದನ್ನ ಹೇಗೆ ನೋಡ್ತೀಯ? ಸರಿ ಹೇಳಿದವರಿಗೆ ತಪ್ಪು ಹಾಕ್ತೀಯಾ?"

ಅಕ್ಕ ನನ್ನ ಕಡೆ ತಿರುಗಿದಳು. "ಬಾಯಿ ಬಂತಲ್ಲೇ ನಿನಗೆ," ಅಂದಳು. ಕೋಪದಲ್ಲಿ ಅಂದದ್ದು.

ಮಕ್ಕಳು ಬಂದರು. ನಾನು ತರಗತಿ ಮಾಡಿದೆ. ಅವಳು ಕಿಟಕಿಯ ಬಳಿ ಕೂತಿದ್ದಳು.

ಫೆಬ್ರವರಿ 11

ಅಕ್ಕ ಮಾತಾಡುತ್ತಿಲ್ಲ. ಅಮ್ಮನಿಗೆ ಯಾರು ಹೇಳಬೇಕು? ಅಮ್ಮ ನಮ್ಮಿಬ್ಬರ ತಟ್ಟೆಯನ್ನೂ ನೋಡಿ, "ಏನು, ಇಬ್ಬರೂ ಮೂಗಿಯರಾದ್ರಾ? ಮನೇಲಿ ಮೂಗಿ ಒಬ್ಬಳೇ ಅಂದ್ಕೊಂಡಿದ್ದೆ," ಅಂದರು. ಯಾರೂ ನಗಲಿಲ್ಲ.

ಫೆಬ್ರವರಿ 12, ಗುರುವಾರ

ಬೆಳಗ್ಗೆ ಅಕ್ಕ ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ತಾನೇ ಹೇಳಿದಳು. ನಾನು ಬಾಟಲಿಗಳ ನೀರು ಬದಲಾಯಿಸುತ್ತಿದ್ದೆ, ಅಲ್ಲಿಂದ ಹೋಗಲಿಲ್ಲ. ಅಮ್ಮ ಒಲೆ ಆರಿಸಿದರು. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ಮುಖ ಕಾಣತ್ತಾ?" ಎಂದು ಕೇಳಿದರು. "ಎಡಗಣ್ಣಲ್ಲಿ ಕಾಣತ್ತಮ್ಮ." "ಅಷ್ಟು ಸಾಕು ಬಿಡು," ಅಂದರು. ಆಮೇಲೆ ಮತ್ತೆ ಒಲೆ ಹಚ್ಚಲು ಅವರಿಗೆ ಬಹಳ ಹೊತ್ತು ಬೇಕಾಯಿತು.

ಕಾಲೇಜಿನಲ್ಲಿ ಅಕ್ಕ ನನ್ನನ್ನು ಹೊರಗೆ ಕೂರಿಸಿ ಪ್ರಾಂಶುಪಾಲರ ಕೋಣೆಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಮೊನ್ನೆ ನಾನು ಹೇಳಿದ್ದು ಸುಳ್ಳು ಸರ್," ಅಂದಳು. "ಅಲ್ಲಿ ಸ್ಲೈಡೇ ಇರಲಿಲ್ಲ."

ಪ್ರಾಂಶುಪಾಲರು ಕೂರಿ ಎಂದರು.

ಆಮೇಲೆ ಅವಳು ಕೇಳಿಕೊಂಡದ್ದು ಇಷ್ಟು. ಈ ಪರೀಕ್ಷೆ ನಾನು ಮುಗಿಸುತ್ತೇನೆ. ನಾನು ನೋಡುವುದಿಲ್ಲ, ಕೇಳುತ್ತೇನೆ. ಮಕ್ಕಳು ಕಂಡದ್ದನ್ನು ಹೇಳಲಿ, ನಾನು ಹಂತ ಯಾವುದೆಂದು ಹೇಳುತ್ತೇನೆ, ಹೊರಗಿನಿಂದ ಬಂದವರು ನೋಡಿ ತಾಳೆ ಹಾಕಲಿ. ಒಂದು ತಪ್ಪಾದರೂ ಅಲ್ಲೇ ಎದ್ದು ಹೋಗುತ್ತೇನೆ. ಪ್ರಾಂಶುಪಾಲರು "ನೋಡೋಣ" ಅಂದರು. ಅವರ ದನಿ ಅಷ್ಟು ಮೆತ್ತಗಿರಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಹೊರಬಂದ ಅಕ್ಕ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. "ಬಾ, ಇನ್ನು ಐದು ದಿನ ಇದೆ," ಅಂದಳು. "ನನ್ನನ್ನ ತಯಾರು ಮಾಡು."

ಫೆಬ್ರವರಿ 15, ಭಾನುವಾರ

ಮೂರು ದಿನದಿಂದ ನಾನು ನೋಡಿ ಹೇಳುವುದು, ಅವಳು ಹೆಸರಿಸುವುದು. ತಪ್ಪಾದದ್ದು ಎರಡೇ ಸಲ, ಎರಡೂ ಸಲ ನಾನು ಸರಿಯಾಗಿ ಹೇಳಿರಲಿಲ್ಲ. ಇವತ್ತು ಅವಳೇ ಬೇರು ಕತ್ತರಿಸಿದಳು, ಬೆರಳ ತುದಿಯಿಂದ ಅಳತೆ ನೋಡಿ. ನನ್ನದಕ್ಕಿಂತ ನೇರವಾಗಿ ಕತ್ತರಿಸಿದಳು.

ಫೆಬ್ರವರಿ 17, ಮಂಗಳವಾರ

ಪ್ರಾಯೋಗಿಕ ಪರೀಕ್ಷೆ. ಬಣ್ಣ, ಆಮ್ಲ, ಬೇರುಗಳನ್ನು ಮೇಜುಗಳ ಮೇಲೆ ಜೋಡಿಸಿ ನಾನು ಹೊರಗೆ ವರಾಂಡದಲ್ಲಿ ನಿಂತೆ. ಕಿಟಕಿ ತೆರೆದಿತ್ತು.

ಪರೀಕ್ಷಕರು ವಯಸ್ಸಾದ ಹೆಂಗಸು, ಕನ್ನಡಕ ಹಣೆಗೇರಿಸಿಕೊಂಡು ಮೈಕ್ರೋಸ್ಕೋಪ್ ನೋಡುವವರು. ಮೊದಲಿಗೆ ಅವರಿಗೆ ಈ ಏರ್ಪಾಡು ಹಿಡಿಸಿದಂತೆ ಕಾಣಲಿಲ್ಲ. ಅಕ್ಕ ಮೇಜಿಂದ ಮೇಜಿಗೆ ಹೋಗಿ ಪ್ರತಿಯೊಬ್ಬರ ಪಕ್ಕದಲ್ಲಿ ಕೂತಳು. ಕಣ್ಣು ಮುಚ್ಚಿಕೊಂಡಿದ್ದಳು.

ಒಬ್ಬ ಹುಡುಗ ಕೂಡಲೇ "ಅನಾಫೇಸ್ ಮಿಸ್," ಅಂದ.

"ಹೆಸರು ಆಮೇಲೆ. ಇರೋದನ್ನ ಹೇಳು."

ಅವನು ನೋಡುತ್ತ ಹೇಳಿದ. ಎಳೆಗಳಿವೆ. ನಡುವೆ ಇವೆ. ಅಡ್ಡ ಸಾಲಾಗಿ... ಮಾತು ನಿಂತಿತು. "ಇನ್ನೂ ಬೇರೆ ಆಗಿಲ್ಲ ಮಿಸ್. ಮೆಟಾಫೇಸ್." ಪರೀಕ್ಷಕರು ಬಗ್ಗಿ ನೋಡಿ ತಲೆಯಾಡಿಸಿದರು.

ಮುಂದಿನ ಬೆಂಚಿನ ಹುಡುಗಿ, ಒಡೆಯುವುದನ್ನು ಕಾದವಳು, ಎರಡು ತುದಿಗಳಲ್ಲಿ ಎರಡು ಗುಂಪು, ನಡುವೆ ಒಂದು ಗೆರೆ ಹುಟ್ಟುತ್ತಿದೆ ಅಂದಳು.

"ಗೆರೆ ಅಂಚಿಂದ ಶುರುವಾಗಿದೆಯಾ, ಮಧ್ಯದಿಂದಾನಾ?"

ಹುಡುಗಿ ತಿರುಪು ತಿರುಗಿಸಿದಳು. "ಮಧ್ಯದಿಂದ. ಅಂಚು ಮುಟ್ಟಿಲ್ಲ ಇನ್ನೂ."

"ಟೀಲೋಫೇಸ್. ಗೋಡೆ ಕಟ್ಕೊಳ್ತಾ ಇದೆ. ಗಿಡದಲ್ಲಿ ಗೋಡೆ ಒಳಗಿಂದ ಹೊರಕ್ಕೆ ಬೆಳೆಯೋದು."

ಪರೀಕ್ಷಕರು ಈ ಸಲ ನೋಡಲು ಬಗ್ಗಲಿಲ್ಲ. ಅಂಕ ಹಾಕಿದರು. ಕೊನೆಯ ಮಗುವಿನವರೆಗೂ ಒಂದೂ ತಪ್ಪಲಿಲ್ಲ.

ಎಲ್ಲ ಮುಗಿದ ಮೇಲೆ ಪ್ರಾಂಶುಪಾಲರು ಕರೆದರು. ಮುಂದಿನ ವರ್ಷದಿಂದ ಅಕ್ಕ ಪಾಠ ಮಾಡಬಹುದು. ಲ್ಯಾಬಿಗೆ ಬೇರೆಯವರು ಬರುತ್ತಾರೆ, ಅದು ತಪ್ಪಿಸಲಾಗುವುದಿಲ್ಲ, ಆಮ್ಲ, ಬೆಂಕಿ, ಮಕ್ಕಳು ಇರುವ ಜಾಗ ಎಂದರು. ಅಕ್ಕ ಗೊಂಚಲಿನಿಂದ ಲ್ಯಾಬಿನ ಬೀಗದ ಕೈ ಬಿಚ್ಚಲು ಹೋದಳು. ಗೊಂಚಲಿನ ಬಳೆ ಬಿಗಿಯಾಗಿತ್ತು, ಉಗುರು ಮುರಿಯಿತು. ನಾನು ಬಿಚ್ಚಿಕೊಡುತ್ತೇನೆ ಎಂದೆ, ಕೊಡಲಿಲ್ಲ. ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು.

ಪ್ರಾಂಶುಪಾಲರು ನನ್ನ ಕಡೆ ತಿರುಗಿ, ಹೊಸಬರ ಜೊತೆ ಸಹಾಯಕಿಯಾಗಿ ಬರುತ್ತೀರಾ ಎಂದು ಕೇಳಿದರು. "ನೋಡೋಣ ಸರ್," ಎಂದೆ. ಅಕ್ಕ ನಗು ತಡೆದುಕೊಂಡದ್ದು ನನಗೆ ಗೊತ್ತಾಯಿತು.

ಫೆಬ್ರವರಿ 22, ಭಾನುವಾರ

ಕಿಟಕಿಯಲ್ಲಿ ಇನ್ನೂ ಎರಡು ಬಾಟಲಿ ಉಳಿದಿದ್ದವು. ಎಸೆಯಲು ಹೋದ ಅಮ್ಮ ಯಾಕೋ ಎಸೆಯದೆ, "ನೋಡಿ, ಬೇಕಾಗತ್ತೇನೋ," ಅಂದರು. ಬೇಕಾಗಿರಲಿಲ್ಲ. ಆದರೂ ನಿನ್ನೆ ಬೆಳಗ್ಗೆ ಒಂದು ತುದಿ ಕತ್ತರಿಸಿದ್ದೆ. ಇವತ್ತು ಸ್ಲೈಡ್ ಮಾಡಿದೆ. ಗಾಜು ಒಡೆಯಲಿಲ್ಲ.

ಅಕ್ಕ ಬಂದು ಪಕ್ಕದಲ್ಲಿ ಕೂತಳು. ಮೈಕ್ರೋಸ್ಕೋಪಿನ ಮೇಲೆ ಬಿಸಿಲು ಬಿದ್ದಿತ್ತು. ಅವಳು ಅದರ ಹಿತ್ತಾಳೆಯ ಕತ್ತನ್ನು ಹೆಬ್ಬೆರಳಿನಿಂದ ಒರೆಸುತ್ತ, "ಏನಿದೆ?" ಅಂದಳು.

ಎರಡು ಗುಂಪು ಎಂದೆ. ಒಂದರಿಂದ ಇನ್ನೊಂದು ದೂರ ಹೋಗುತ್ತಿವೆ. ಎಳೆಗಳೆಲ್ಲ ಬಾಗಿವೆ, ಬಾಗಿದ ಕಡೆ ಮುಂದು. ಕೆಳಗಿನ ಗುಂಪಿನಲ್ಲಿ ಒಂದೆಳೆ ಮಾತ್ರ ಹಿಂದೆ ಬಿದ್ದಿದೆ.

"ಅನಾಫೇಸ್."

"ಹೂಂ."

"ಇವತ್ತು ಪರೀಕ್ಷೆ ಇಲ್ಲ," ಅಂದಳು. "ನಿನ್ನ ಥರ ಹೇಳು. ಯಾವುದರ ಹಾಗಿದೆ?"

ನಾನು ಮತ್ತೆ ಕಣ್ಣಿಟ್ಟೆ. ಹುಡುಕಿದೆ. ಅವಳು ಕೇಳಿದ್ದು ಅದೊಂದನ್ನೇ, ಕೊಡಬೇಕೆಂದು ಬಹಳ ಹುಡುಕಿದೆ. ಹಿಂದೆ ಬಿದ್ದ ಎಳೆಯನ್ನು ನೋಡಿದೆ, ನಡುವಿನ ಖಾಲಿಯನ್ನು ನೋಡಿದೆ.

"ಯಾವುದರ ಹಾಗೂ ಇಲ್ಲ ಅಕ್ಕ. ಅದು ಅದರ ಹಾಗೇ ಇದೆ."

ಅವಳ ಹೆಬ್ಬೆರಳು ನಿಂತಿತು.

"ಹೌದು," ಅಂದಳು. "ಹಾಗೇ ಇರ್ತಿತ್ತು."